ಸೋಲೋಕೂ ಎಂಟ್ರಿ ಫೀಸು!

“ಅಲ್ಲ ಮೇಷ್ಟ್ರೇ, ಗೆದ್ದೋರಿಗೆ ದುಡ್ಡು ಕೊಡ್ತಾರೆ ಅಂತ ಕೇಳಿದ್ದೆ. ಸೋಲೋಕೂ ದುಡ್ಡು ಕಟ್ಬೇಕಾ?”

ಕಾಂಪೌಂಡಿನ ಆಚೆಯಿಂದ ಈ ಪ್ರಶ್ನೆ ಎಸೆದವರು ಹಿಟ್ಟಿನ ಗಿರಣಿ ಮನೆಯಾಕೆ. ಎದುರಿಗೆ ಮೊರ, ಮೊರದ ತುಂಬ ಹುಣಸೆಹಣ್ಣು. ಕೈ ತನ್ನ ಪಾಡಿಗೆ ಬೀಜ ಬಿಡಿಸುತ್ತಿತ್ತು, ಬಾಯಿ ಮಗನ ಜನ್ಮ ಜಾಲಾಡುತ್ತಿತ್ತು. ನಮ್ಮ ಕೊರಟಗೆರೆಯಲ್ಲಿ ಕಾಂಪೌಂಡು ಕಟ್ಟಿಸುವಾಗ ಮೊಣಕೈ ಊರುವಷ್ಟು ಎತ್ತರಕ್ಕೆ ನಿಲ್ಲಿಸುವುದು ವಾಡಿಕೆ. ಅದಕ್ಕಿಂತ ಮೇಲೆ ಎತ್ತಿದವರ ಮೇಲೆ ಇಡೀ ಬೀದಿಗೆ ಅನುಮಾನ. ನಾನೂ ಪತ್ರಿಕೆ ಮಡಿಸಿ ಮೊಣಕೈ ಊರಿದೆ.

ವಿಷಯ ಇಷ್ಟು. ಆಕೆಯ ಮಗ ಡಿಗ್ರಿ ಎರಡನೇ ವರ್ಷ. ಭಾನುವಾರ ತುಮಕೂರಿನ ಒಂದು ಗೇಮಿಂಗ್ ಸೆಂಟರಿನಲ್ಲಿ ಫುಟ್‌ಬಾಲ್ ಟೂರ್ನಮೆಂಟು. ಬಯಲಿನ ಫುಟ್‌ಬಾಲ್ ಅಲ್ಲ. ಟೀವಿ ಮುಂದೆ ಕುರ್ಚಿ ಹಾಕಿಕೊಂಡು ಆಡುವುದು. ಕಾಲಿಗೆ ರಜೆ, ಕೆಲಸವೆಲ್ಲ ಎರಡು ಹೆಬ್ಬೆರಳಿಗೆ. ಎಂಟ್ರಿ ಫೀಸು ನೂರು ರೂಪಾಯಿ. ಹುಡುಗ ಬೆಳಿಗ್ಗೆ ಬಸ್ಸು ಹತ್ತಿದ, ಮೊದಲನೇ ಪಂದ್ಯದಲ್ಲೇ ಸೋತ, ಮಧ್ಯಾಹ್ನದ ಮುದ್ದೆ ಆರುವುದರೊಳಗೆ ಮನೆಯಲ್ಲಿದ್ದ.

“ಕಾಲು ಗಂಟೆ ಆಡಿದ್ನಂತೆ. ಕಾಲು ಗಂಟೆಗೆ ನೂರು ರೂಪಾಯಿ! ಗಿರಣೀಲಿ ನೂರು ರೂಪಾಯಿ ಮಿಗಬೇಕಾದ್ರೆ ಎಷ್ಟು ರಾಗಿ ಬೀಸ್ಬೇಕು ಇವನಿಗೇನು ಗೊತ್ತು? ಬಸ್ ಚಾರ್ಜು ಬೇರೆ.”

ಬಸ್ ಚಾರ್ಜಿನ ಮಾತಲ್ಲಿ ಇನ್ನೊಂದು ಸಂಕಟವಿತ್ತು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಾಗಿನಿಂದ ಆ ಮನೆಯ ಮಗಳು ಸರ್ಕಾರಿ ಬಸ್ಸಿನಲ್ಲಿ ತುಮಕೂರಿಗೆ ದುಡ್ಡಿಲ್ಲದೆ ಹೋಗಿ ಬರುತ್ತಾಳೆ. “ಸೋಲೋದೇ ಆಗಿದ್ರೆ ಅವಳನ್ನಾದ್ರೂ ಕಳಿಸಬಹುದಿತ್ತು, ಅರ್ಧ ಖರ್ಚು ಉಳೀತಿತ್ತು” ಎಂದರು ಆಕೆ. ಒಳಗಿನಿಂದ ಮಗಳು, “ನಾನು ಹೋಗಿದ್ರೆ ಸೋಲ್ತಾ ಇರಲಿಲ್ಲ” ಎಂದಳು. ಆ ಮಾತನ್ನು ಯಾರೂ ಕೇಳಿಸಿಕೊಂಡಂತೆ ಕಾಣಲಿಲ್ಲ.

ಅಷ್ಟರಲ್ಲಿ ಎಡಗಡೆ ಕಾಂಪೌಂಡಿನಿಂದ ಕೆಮ್ಮು ಕೇಳಿಸಿತು. ಅಲ್ಲಿರುವವರು ನಿವೃತ್ತ ಹೆಡ್ ಕಾನ್‌ಸ್ಟೇಬಲ್. ಬೀದಿಗೆಲ್ಲ ಈಗಲೂ ದಫೇದಾರ್ರು. ಅವರ ಕೆಮ್ಮೆಂದರೆ ಕಲಾಪ ಶುರುವಾಯಿತೆಂದೇ ಅರ್ಥ.

“ಜೂಜು ಕಣಮ್ಮ ಅದು. ಯುಗಾದಿ ಬಂದ್ರೆ ಮಾವಿನ ತೋಪಲ್ಲಿ ಅಂದರ್-ಬಾಹರ್ ಆಡೋರನ್ನ ಹಿಡಿದು ಹಿಡಿದು ನಮ್ಮ ಬೂಟು ಸವೆದವು. ಆಗ ಟವಲ್ ಹಾಸೋರು, ಈಗ ಟೀವಿ ಇಟ್ಟವ್ರೆ. ವ್ಯತ್ಯಾಸ ಅಷ್ಟೇ.”

ಹುಡುಗ ಇನ್ನು ಒಳಗೆ ಕೂರಲಾರದೆ ಬಾಗಿಲಿಗೆ ಬಂದ. “ಜೂಜಲ್ಲ ಅಂಕಲ್, ಇ-ಸ್ಪೋರ್ಟ್ಸ್ ಅದು. ಸೆಂಟ್ರಲ್ ಗೌರ್ಮೆಂಟೇ ಒಪ್ಕೊಂಡಿದೆ.”

ಹುಡುಗ ಹೇಳಿದ್ದರಲ್ಲಿ ಸುಳ್ಳಿಲ್ಲ. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಇ-ಸ್ಪೋರ್ಟ್ಸನ್ನು ಕ್ರೀಡಾ ಸಚಿವಾಲಯದ ಮಡಿಲಿಗೆ ಹಾಕಿತು. ಅದಕ್ಕೂ ಮೊದಲೇ, 2018ರ ಜಕಾರ್ತಾ ಏಷ್ಯನ್ ಗೇಮ್ಸಿನಲ್ಲಿ ಇದು ಪ್ರದರ್ಶನ ಕ್ರೀಡೆಯಾಗಿದ್ದಾಗ, ತೀರ್ಥ್ ಮೆಹ್ತಾ ಎಂಬ ಗುಜರಾತಿನ ಹುಡುಗ ಹಾರ್ತ್‌ಸ್ಟೋನ್ ಎಂಬ ಕಾರ್ಡಿನ ಆಟದಲ್ಲಿ ಕಂಚು ತಂದಿದ್ದ. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸಿನಲ್ಲಿ ಇದರ ಪದಕಗಳನ್ನೂ ಲೆಕ್ಕಕ್ಕೆ ಹಿಡಿದರು. ನಾನು ಇಷ್ಟು ಹೇಳಿದ್ದಕ್ಕೆ ಗಿರಣಿಯಾಕೆ ಬೀಜ ಬಿಡಿಸುವುದನ್ನೇ ನಿಲ್ಲಿಸಿದರು.

“ಕೂತ್ಕೊಂಡೇ ಆಡಿ ಕಂಚಾ? ಹಾಗಾದ್ರೆ ಇದಕ್ಕೆ ಪಿಟಿ ಮೇಷ್ಟ್ರು ಯಾರು?”

ನನ್ನಲ್ಲಿ ಉತ್ತರವಿರಲಿಲ್ಲ. ದಫೇದಾರ್ರ ಹತ್ತಿರ ಇತ್ತು, ಆದರೆ ಅದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಮೇಷ್ಟ್ರ ಕೆಲಸ ಬಿಟ್ಟರೂ ಲೆಕ್ಕದ ಚಟ ಬಿಡದು. ಒಲೆಯ ಇದ್ದಿಲಿನ ಚೂರೊಂದನ್ನು ತರಿಸಿಕೊಂಡು ಕಾಂಪೌಂಡಿನ ಸಿಮೆಂಟಿನ ಮೇಲೆ ಬರೆದೆ. ಹುಡುಗ ಅಂಕಿ ಹೇಳಿದ: ಆಡಿದವರು 32 ಜನ, ತಲೆಗೆ ನೂರು, ಒಟ್ಟು 3,200. ಮೊದಲನೇ ಬಹುಮಾನ 1,500, ಎರಡನೆಯದು 700. ಅಂಗಡಿಗೆ ಉಳಿದದ್ದು ಸಾವಿರ.

“ನೋಡಿ! ಸಾವಿರ ರೂಪಾಯಿ ನುಂಗಿದ!” ಎಂದರು ಆಕೆ.

ಸ್ವಲ್ಪ ತಾಳಿ ಎಂದೆ. ಸೋತವನು ಹೊರಗೆ ಹೋಗುವ ಪಂದ್ಯಾವಳಿಯಲ್ಲಿ ಒಂದು ಚೆಂದದ ಗಣಿತವಿದೆ. 32 ಜನರಲ್ಲಿ ಒಬ್ಬ ಗೆಲ್ಲಬೇಕಾದರೆ 31 ಜನ ಸೋಲಲೇಬೇಕು. ಒಂದು ಪಂದ್ಯಕ್ಕೆ ಒಬ್ಬ ಸೋಲುತ್ತಾನೆ, ಆದ್ದರಿಂದ ಪಂದ್ಯಗಳೂ 31. ಪಂದ್ಯಕ್ಕೆ ಕಾಲು ಗಂಟೆಯಂತೆ ಏಳೂಮುಕ್ಕಾಲು ಗಂಟೆ. ಎರಡು ಯಂತ್ರ ಇಟ್ಟರೆ ಹೆಚ್ಚುಕಡಿಮೆ ನಾಲ್ಕು ಗಂಟೆ. ಬಿಡುವಿನ ದಿನ ಒಂದು ಯಂತ್ರಕ್ಕೆ ಗಂಟೆಗೆ ನೂರು ಬಾಡಿಗೆ ಎಂದ ಹುಡುಗ. ಎರಡು ಯಂತ್ರ, ನಾಲ್ಕು ಗಂಟೆ, ಎಂಟು ನೂರು. ಅಂಗಡಿಯವನಿಗೆ ಮೇಲೆ ಸಿಕ್ಕಿದ್ದು ಇನ್ನೂರು. ಅದರಲ್ಲಿ ಕರೆಂಟು, ಯುಪಿಎಸ್ಸು, ಫ್ಯಾನು, ಅಂಗಡಿ ಬಾಡಿಗೆ. ಸಿಟ್ಟಿನಲ್ಲಿ ಯಾರೋ ಕುಕ್ಕಿದ ಕಂಟ್ರೋಲರಿನ ರಿಪೇರಿ. ಪಾಪ, ಅವನಿಗೂ ಅಂಥದ್ದೇನೂ ಗಿಟ್ಟಲಿಲ್ಲ.

“ಹಾಗಾದ್ರೆ ನಮ್ಮ ನೂರು ರೂಪಾಯಿ ಎಲ್ಲಿಗೆ ಹೋಯ್ತು?”

ಆಕೆ ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದರು. ಮಗ ಆಡಿದ ಕಾಲು ಗಂಟೆಗೆ ಯಂತ್ರದ ಬಾಡಿಗೆ 25 ರೂಪಾಯಿ. ಎದುರಾಳಿಯ ಜೊತೆ ಹಂಚಿಕೊಂಡರೆ ಹನ್ನೆರಡೂವರೆ. ಮಿಕ್ಕಿದ್ದರಲ್ಲಿ ಚೂರುಪಾರು ಅಂಗಡಿಯ ಖರ್ಚಿಗೆ ಸೇರಿತು. ಉಳಿದದ್ದೆಲ್ಲ ಸಂಜೆ ಬಹುಮಾನ ಗೆದ್ದ ಇಬ್ಬರ ಜೇಬಿಗೆ. ಅಂದರೆ ಮೊದಲ ಸುತ್ತಿನಲ್ಲೇ ಮನೆಗೆ ಹೋದ ಹದಿನಾರು ಹುಡುಗರು ಬಾಡಿಗೆ ಕೊಟ್ಟದ್ದು ಕಮ್ಮಿ, ಬಹುಮಾನ ಕೊಟ್ಟದ್ದು ಜಾಸ್ತಿ.

ದಫೇದಾರ್ರ ಮುಖ ಅರಳಿತು. “ನಾನ್ ಹೇಳಿದ್ದೂ ಅದನ್ನೇ. ಸೋತೋರ ದುಡ್ಡು ಗೆದ್ದೋನಿಗೆ. ಧರ್ಮರಾಯನ ಕಾಲದಿಂದಲೂ ಇದಕ್ಕೆ ಒಂದೇ ಹೆಸರು.”

ಆದರೆ ಕಾನೂನು ದಫೇದಾರ್ರಷ್ಟು ಸಲೀಸಾಗಿ ತೀರ್ಪು ಕೊಡುವುದಿಲ್ಲ. ಅದೃಷ್ಟದ ಆಟ ಬೇರೆ, ಜಾಣ್ಮೆಯ ಆಟ ಬೇರೆ ಎಂದು ಸುಪ್ರೀಂ ಕೋರ್ಟ್ 1957ರಲ್ಲೇ ಚಮರ್‌ಬಾಗವಾಲಾ ಪ್ರಕರಣದಲ್ಲಿ ಗೆರೆ ಎಳೆಯಿತು. 1967ರಲ್ಲಿ ರಮ್ಮಿಯನ್ನು ಜಾಣ್ಮೆಯ ಕಡೆಗೆ ಸೇರಿಸಿತು. 1963ರ ನಮ್ಮ ಕರ್ನಾಟಕ ಪೊಲೀಸ್ ಕಾಯ್ದೆಯಲ್ಲೂ ಬರೀ ಜಾಣ್ಮೆಯ ಆಟಗಳಿಗೆ ವಿನಾಯಿತಿ ಇತ್ತು. ದಫೇದಾರ್ರು ಇದನ್ನೆಲ್ಲ ಒಪ್ಪಿದರು. ಹಿಂದೆಯೇ ತಮ್ಮ ಬತ್ತಳಿಕೆಯಿಂದ ಒಂದು ಬಾಣ ತೆಗೆದರು. ವಿಡಿಯೊ ಗೇಮ್ ಅಂಗಡಿಗಳ ಜಗಳ ಕರ್ನಾಟಕಕ್ಕೆ ಹೊಸದಲ್ಲ. ಬೆಂಗಳೂರಿನ ವಿಡಿಯೊ ಗೇಮ್ ಪಾರ್ಲರುಗಳಿಗೆ ಪೊಲೀಸರ ಲೈಸೆನ್ಸು ಬೇಕೆಂಬ ಆದೇಶದ ವಿರುದ್ಧ ಮಾಲೀಕರು ಸುಪ್ರೀಂ ಕೋರ್ಟಿನವರೆಗೆ ಹೋಗಿದ್ದರು. 1995ರಲ್ಲಿ ಎಂ.ಜೆ. ಶಿವಾನಿ ಪ್ರಕರಣದಲ್ಲಿ ಕೋರ್ಟು ಲೈಸೆನ್ಸಿನ ಪರವಾಗಿಯೇ ತೀರ್ಪು ಕೊಟ್ಟಿತು. ಯಂತ್ರ ಮೊದಲೇ ಫಲಿತಾಂಶ ತಿರುಚಬಹುದಾದಾಗ ಎದುರು ಕೂತವನ ಜಾಣ್ಮೆಗೆ ಏನು ಬೆಲೆ, ಅನ್ನುವುದು ಆಗಿನ ಆತಂಕ.

“ಅದು ಕಾಸು ಹಾಕೋ ಮಷೀನು ಅಂಕಲ್. ಇಲ್ಲಿ ನನ್ನ ಎದುರು ಮಷೀನಲ್ಲ, ಮನುಷ್ಯ ಇದ್ದ. ಅವನು ನನಗಿಂತ ಚೆನ್ನಾಗಿ ಆಡ್ದ” ಎಂದ ಹುಡುಗ. ಸೋತರೂ ಎದುರಾಳಿಯನ್ನು ಹೊಗಳುವ ಹುಡುಗ ಜೂಜುಕೋರನಾಗಲಾರ ಎಂದು ನನಗೆ ಆಗಲೇ ಅನ್ನಿಸಿತು. ಜೂಜುಕೋರ ಯಾವತ್ತೂ ಎಲೆಯನ್ನೇ ಬೈಯುತ್ತಾನೆ.

ಕಾನೂನಿನ ಕಥೆ ಅಲ್ಲಿಗೇ ನಿಲ್ಲಲಿಲ್ಲ. 2021ರ ಅಕ್ಟೋಬರ್ 5ರಿಂದ ನಮ್ಮ ರಾಜ್ಯ, ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ, ಜಾಣ್ಮೆಯದ್ದೋ ಅದೃಷ್ಟದ್ದೋ ನೋಡದೆ, ನಿಷೇಧಿಸಿತು. ಕಂಪನಿಗಳು ಹೈಕೋರ್ಟಿಗೆ ಓಡಿದವು. 2022ರ ಫೆಬ್ರುವರಿ 14ರಂದು, ಪ್ರೇಮಿಗಳ ದಿನವೇ, ಹೈಕೋರ್ಟು ಆ ನಿಷೇಧವನ್ನು ರದ್ದು ಮಾಡಿತು. ಮೂರೂವರೆ ವರ್ಷ ಕಳೆದ ಮೇಲೆ ದಿಲ್ಲಿಯೇ ಎದ್ದು ನಿಂತಿತು. ಆನ್‌ಲೈನ್ ಆಟಗಳ ಹೊಸ ಮಸೂದೆಗೆ 2025ರ ಆಗಸ್ಟ್ 20ರಂದು ಲೋಕಸಭೆಯ ಒಪ್ಪಿಗೆ, 21ರಂದು ರಾಜ್ಯಸಭೆಯದ್ದು, 22ರಂದು ರಾಷ್ಟ್ರಪತಿಗಳ ಅಂಕಿತ. ನಮ್ಮ ತಾಲ್ಲೂಕು ಕಚೇರಿಯಲ್ಲಿ ಒಂದು ಪಹಣಿ ತಿದ್ದುಪಡಿಗೆ ಹಿಡಿಯುವ ಕಾಲವನ್ನು ಬಲ್ಲವರಿಗೆ ಈ ವೇಗದ ಬೆಲೆ ತಿಳಿಯುತ್ತದೆ. ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟ ನಡೆಸಿದರೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ಆಡಿದವನಿಗೆ ಶಿಕ್ಷೆ ಇಲ್ಲ, ನಡೆಸಿದವನಿಗೆ. ಡ್ರೀಮ್ ಇಲೆವೆನ್‌ನಂಥ ದೈತ್ಯರೇ ದುಡ್ಡಿನ ಸ್ಪರ್ಧೆಗೆ ಬಾಗಿಲು ಹಾಕಿದರು. ಭಾರತದ ಕ್ರಿಕೆಟ್ ಆಟಗಾರರ ಎದೆಯ ಮೇಲಿದ್ದ ಆ ಕಂಪನಿಯ ಹೆಸರೂ ಅಳಿಸಿಹೋಯಿತು.

ನಮ್ಮ ಕಾಂಪೌಂಡಿನ ಜಗಳಕ್ಕೆ ಬೇಕಾದ ಸಾಲೂ ಅದೇ ಕಾನೂನಿನಲ್ಲಿದೆ. ಹುಡುಗ ಫೋನಿನಲ್ಲಿ ಹುಡುಕಿ ಓದಿದ, ನಾನು ಬಿಡಿಸಿ ಹೇಳಿದೆ. ಮಾನ್ಯತೆ ಪಡೆದು ನೋಂದಾಯಿಸಿದ ಇ-ಸ್ಪೋರ್ಟ್ಸ್ ಆದರೆ ಪಂದ್ಯಕ್ಕೆ ಸೇರಿಸಿಕೊಳ್ಳಲು ಅಥವಾ ಪಂದ್ಯ ನಡೆಸುವ ಖರ್ಚಿಗೆ ಫೀಸು ತೆಗೆದುಕೊಳ್ಳಬಹುದು. ಚೆನ್ನಾಗಿ ಆಡಿದವನಿಗೆ ಬಹುಮಾನ ಕೊಡಬಹುದು. ಆದರೆ ಪಣ ಕಟ್ಟುವಂತಿಲ್ಲ. ಆಡುವವನೂ ಕಟ್ಟುವಂತಿಲ್ಲ, ನೋಡುವವನೂ ಕಟ್ಟುವಂತಿಲ್ಲ. ಇದು ಆನ್‌ಲೈನ್ ಆಟದ ಮಾತು. ನಾಲ್ಕು ಗೋಡೆಯೊಳಗೆ ಎದುರುಬದುರು ಕೂತು ಆಡುವ ಆಟಕ್ಕೆ ದಫೇದಾರ್ರ ಹಳೆಯ ಪೊಲೀಸ್ ಕಾಯ್ದೆಯೇ ಕಾವಲು. ಎರಡರಲ್ಲೂ ತಿರುಳು ಒಂದೇ: ಕುರ್ಚಿಗೆ, ಕರೆಂಟಿಗೆ ಕೊಟ್ಟದ್ದು ಫೀಸು, ಪಕ್ಕದವನನ್ನು ಸೋಲಿಸಿ ಅವನದನ್ನೂ ಸೇರಿಸಿ ತರುತ್ತೇನೆಂದು ಇಟ್ಟದ್ದು ಪಣ. ಒಂದೇ ನೂರರ ನೋಟಿನಲ್ಲಿ ಎರಡೂ ಬೆರೆತಿದ್ದರೆ ಬೇರ್ಪಡಿಸುವವರು ಯಾರು? ಹುಣಸೆಹಣ್ಣಿಗಾದರೆ ಮೊರವಿದೆ.

“ಕ್ರಿಕೆಟ್ಟಿಗೂ ಎಂಟ್ರಿ ಫೀಸ್ ಇಲ್ವಾ ಸಾರ್?” ಹುಡುಗ ಕೇಳಿದ.

ಇದೆ. ಈ ಭಾಗದಲ್ಲಿ ಮಳೆ ಕಮ್ಮಿ, ಟೂರ್ನಮೆಂಟು ಜಾಸ್ತಿ. ಕೊರಟಗೆರೆಯಿಂದ ಮಧುಗಿರಿ, ಶಿರಾ, ಪಾವಗಡದವರೆಗೆ ಬಸ್ ನಿಲ್ದಾಣದ ಗೋಡೆಗಳನ್ನು ಓದಿಕೊಂಡು ಹೋಗಿ: ಟೆನಿಸ್ ಬಾಲ್ ಕ್ರಿಕೆಟ್, ಹೊನಲು ಬೆಳಕಿನ ಕಬಡ್ಡಿ, ಶಟಲ್, ವಾಲಿಬಾಲ್. ಪ್ರಥಮ ಬಹುಮಾನ ಇಷ್ಟು, ಜೊತೆಗೆ ಆಕರ್ಷಕ ಟ್ರೋಫಿ, ಪ್ರವೇಶ ಶುಲ್ಕ ಇಷ್ಟು, ಅಂಪೈರ್ ತೀರ್ಮಾನವೇ ಅಂತಿಮ. ಅದರ ಕೆಳಗೆ ಕೈಮುಗಿದು ನಿಂತ ಹತ್ತು ಹದಿನೈದು ಭಾವಚಿತ್ರಗಳು. ಅಸಲು ಗುಟ್ಟು ಆ ಭಾವಚಿತ್ರಗಳಲ್ಲಿದೆ. ಮೊದಲ ಬಹುಮಾನ ಒಬ್ಬರು ಕೊಟ್ಟಿರುತ್ತಾರೆ, ಎರಡನೆಯದು ಇನ್ನೊಬ್ಬರು, ಟ್ರೋಫಿ ಮತ್ತೊಬ್ಬರು, ಊಟ ಮಗದೊಬ್ಬರು. ಜಿಲ್ಲಾ ಪಂಚಾಯಿತಿ ಚುನಾವಣೆ ಹತ್ತಿರವಿದೆ ಎನ್ನಿಸಿದರೆ ಟ್ರೋಫಿಯ ಎತ್ತರ ಕ್ಯಾಪ್ಟನ್ನಿನ ಎತ್ತರ ಮುಟ್ಟುತ್ತದೆ. ಅಲ್ಲಿ ತಂಡ ಕಟ್ಟುವ ಫೀಸು ಬಾಲಿಗೆ, ಸುಣ್ಣಕ್ಕೆ, ಮೈಕಿಗೆ, ಶಾಮಿಯಾನಕ್ಕೆ. ಬೆಳಿಗ್ಗೆ ಒಂಬತ್ತಕ್ಕೇ ಸೋತ ತಂಡವೂ ಮಧ್ಯಾಹ್ನ ಅನ್ನ ಸಾಂಬಾರು ಉಂಡು, ಸಂಜೆವರೆಗೆ ಮರದ ಕೆಳಗೆ ಕೂತು ಗೆಲ್ಲುವವರನ್ನು ಗೇಲಿ ಮಾಡಿ ಮನೆಗೆ ಹೋಗುತ್ತದೆ. ಸೋತದ್ದು ನಿಜ, ಆದರೆ ದಿನ ಲುಕ್ಸಾನಾಗಲಿಲ್ಲ.

ದಫೇದಾರ್ರು ಅಷ್ಟಕ್ಕೆ ಬಿಡಲಿಲ್ಲ. “ಬೌಂಡರಿ ಆಚೆ ಬೈಕಿನ ಮೇಲೆ ಕೂತೋರು ಓವರಿಗೆ ಇಷ್ಟು ಅಂತ ಕಟ್ತಾರಲ್ಲ, ಅದು?” ಅದು ಜೂಜೇ, ಅನುಮಾನವಿಲ್ಲ. ಆದರೆ ಅದನ್ನು ಕಟ್ಟುವವರು ಆಡುವ ಹುಡುಗರಲ್ಲ, ಸಮಿತಿಯವರೂ ಅಲ್ಲ.

ವಿಡಿಯೊ ಗೇಮ್ ಲೋಕವೂ ಮೊದಲಿಗೆ ಹೀಗೇ ಇತ್ತು. 1972ರ ಅಕ್ಟೋಬರ್ 19ರಂದು ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದಲ್ಲಿ ಸ್ಪೇಸ್‌ವಾರ್ ಎಂಬ ಆಟದ ಪಂದ್ಯ ನಡೆಯಿತು. ವಿಡಿಯೊ ಗೇಮಿನ ಮೊದಮೊದಲ ಪಂದ್ಯಾವಳಿಗಳಲ್ಲಿ ಅದೂ ಒಂದು. ಗೆದ್ದವನಿಗೆ ಸಿಕ್ಕಿದ್ದು ರೋಲಿಂಗ್ ಸ್ಟೋನ್ ಪತ್ರಿಕೆಯ ಒಂದು ವರ್ಷದ ಚಂದಾ. “ಪೇಪರ್ರಾ?” ಎಂದು ಹುಡುಗ ಮುಖ ಸಿಂಡರಿಸಿದ. ನಾನು ಮಡಿಸಿಟ್ಟ ಪತ್ರಿಕೆಯನ್ನು ಬಗಲಿಗೆ ಸೇರಿಸಿಕೊಂಡೆ. ಅಲ್ಲಿಂದ ನೇರ 2021ಕ್ಕೆ ಬಂದರೆ, ಬಿಜಿಎಂಐ ಎಂಬ ಮೊಬೈಲ್ ಆಟದ ಕ್ರಾಫ್ಟನ್ ಕಂಪನಿ ಭಾರತದ ತನ್ನ ಮೊದಲ ದೊಡ್ಡ ಸರಣಿಗೆ ಇಟ್ಟ ಬಹುಮಾನ ಒಂದು ಕೋಟಿ. ಕೋಟಿ ಇಟ್ಟದ್ದು ಕಂಪನಿ. ಅದರ ಲಾಭ ಅದರದ್ದು, ಅದರ ಜಾಹೀರಾತು ಅದರದ್ದು. ಮೇಲ್ಗಡೆಯಲ್ಲಿ ಬಹುಮಾನ ಕಂಪನಿಯಿಂದ ಬರುತ್ತದೆ. ಕೆಳಗೆ ನಮ್ಮ ಗಿರಣಿ ಹುಡುಗನ ಮಟ್ಟದಲ್ಲಿ ಅದು ಇನ್ನೊಬ್ಬ ಗಿರಣಿ ಹುಡುಗನಿಂದ ಬರುತ್ತದೆ.

ಸೋತವನ ವಿಷಯದಲ್ಲಿ ಹೊರಗಿನವರಿಂದ ಕಲಿಯುವುದೂ ಇದೆ. ಅಮೆರಿಕದಲ್ಲಿ ‘ಎವೊ’ ಎಂಬ ಹೆಸರಾಂತ ಪಂದ್ಯಾವಳಿಯಿದೆ, ತೆರೆಯ ಮೇಲೆ ಗುದ್ದಾಡುವ ಆಟಗಳದ್ದು. ಅಲ್ಲಿ ಒಮ್ಮೆ ಸೋತರೆ ಮನೆಗೆ ಕಳಿಸುವುದಿಲ್ಲ. ಸೋತವರ ಇನ್ನೊಂದು ಸಾಲಿಗೆ ಹಾಕುತ್ತಾರೆ, ಎರಡನೇ ಸಲ ಸೋತರೆ ಮಾತ್ರ ಹೊರಗೆ. ಆ ದೇಶದ ಸಣ್ಣಪುಟ್ಟ ಕೂಟಗಳಲ್ಲೂ ಜಾಗದ ಬಾಡಿಗೆ ಬೇರೆ, ಬಹುಮಾನದ ಪಾಲು ಬೇರೆ ಎಂದು ಎರಡು ಸಾಲಿನಲ್ಲಿ ಬರೆಯುವ ರೂಢಿಯಿದೆ. ಬಾಡಿಗೆ ಕೊಟ್ಟವನು ಖಾಲಿ ಯಂತ್ರದ ಮುಂದೆ ಕೂತು ಇಡೀ ದಿನ ಆಡಬಹುದು. ನಮ್ಮ ಹುಡುಗನಿಗೂ ಅಷ್ಟು ಸಿಕ್ಕಿದ್ದರೆ ಅವನ ಮಧ್ಯಾಹ್ನದ ಮುದ್ದೆ ಆರುತ್ತಿತ್ತು, ಅಮ್ಮನ ಕೋಪವೂ ಆರುತ್ತಿತ್ತು.

“ಇವನನ್ನ ಸೆಂಟರಿಗೇ ಕಳಿಸಬೇಡ ಅಂತೀರಾ ಮೇಷ್ಟ್ರೇ?” ಎಂದರು ಆಕೆ. ಇಲ್ಲ ಎಂದೆ. ಕಳಿಸದಿದ್ದರೆ ಫೋನಿನಲ್ಲಿ ಆಡುತ್ತಾನೆ, ಅದು ಇದಕ್ಕಿಂತ ಫಜೀತಿ. ಇನ್‌ಸ್ಟಾಗ್ರಾಮಿನಲ್ಲಿ ಯಾವನೋ ಒಬ್ಬ ಪೋಸ್ಟರು ಹಾಕುತ್ತಾನೆ: ತಂಡಕ್ಕೆ ಇಷ್ಟು, ಫೋನ್‌ಪೇ ಮಾಡಿ, ರಾತ್ರಿ ಒಂಬತ್ತಕ್ಕೆ ರೂಮ್ ಐಡಿ ಪಾಸ್‌ವರ್ಡು ಕಳಿಸುತ್ತೇನೆ. ಒಂಬತ್ತಕ್ಕೆ ಐಡಿ ಬರುವುದಿಲ್ಲ, ಹತ್ತಕ್ಕೆ ಅವನ ಅಕೌಂಟೇ ಇರುವುದಿಲ್ಲ. ಪಾವಗಡದ ಶನಿಮಹಾತ್ಮನಿಗೆ ಎಳ್ಳೆಣ್ಣೆ ದೀಪ ಹಚ್ಚಿದರೂ ಆ ದುಡ್ಡು ವಾಪಸ್ ಬರುವುದಿಲ್ಲ. ಗೇಮಿಂಗ್ ಸೆಂಟರಿಗಾದರೆ ಒಂದು ಬಾಗಿಲಿದೆ, ಒಳಗೆ ಒಂದು ಮುಖವಿದೆ. ಜಗಳಕ್ಕಾದರೂ ಹೋಗಬಹುದು. ಕತ್ತಲೆ ಕೋಣೆಯಲ್ಲಿ ಒಂಟಿಯಾಗಿ ಸೋಲುವುದಕ್ಕಿಂತ ನಾಲ್ಕು ಜನರ ಮಧ್ಯೆ ಸೋಲುವುದು ಹುಡುಗರಿಗೆ ಒಳ್ಳೆಯದು. ಅಷ್ಟಕ್ಕೆ ಒಂದಿಷ್ಟು ಫೀಸು ಕೊಟ್ಟರೆ ನನ್ನ ತಕರಾರಿಲ್ಲ.

ನನ್ನ ತಕರಾರು ಲೆಕ್ಕದ್ದು. ನಮ್ಮ ಕಡೆ ಗಣೇಶನ ಹಬ್ಬ ಮುಗಿದ ಮೇಲೆ ಏನು ಮಾಡುತ್ತಾರೆ? ಯಾರು ಎಷ್ಟು ಕೊಟ್ಟರು, ಪೆಂಡಾಲಿಗೆ ಎಷ್ಟು, ಪಟಾಕಿಗೆ ಎಷ್ಟು, ಪ್ರಸಾದಕ್ಕೆ ಎಷ್ಟು, ಉಳಿಕೆ ಎಷ್ಟು ಎಂದು ಜಮಾ-ಖರ್ಚು ಬರೆದು ಅರಳಿಕಟ್ಟೆಯ ಹತ್ತಿರ ಅಂಟಿಸುತ್ತಾರೆ. ಅಂಟಿಸದ ಸಮಿತಿಗೆ ಮುಂದಿನ ವರ್ಷ ಚಂದಾ ಹುಟ್ಟುವುದಿಲ್ಲ. ಹತ್ತು ರೂಪಾಯಿ ಕೊಟ್ಟ ಅಜ್ಜಿಯೂ ಕನ್ನಡಕ ಹಾಕಿಕೊಂಡು ತನ್ನ ಹೆಸರು ಹುಡುಕುತ್ತಾಳೆ. ಕಂಪ್ಯೂಟರು, ಕ್ಯಾಮೆರಾ, ಬಣ್ಣಬಣ್ಣದ ದೀಪ ಎಲ್ಲ ಇರುವ ಗೇಮಿಂಗ್ ಸೆಂಟರಿಗೆ ಒಂದು ಹಾಳೆ ಅಂಟಿಸುವುದು ಭಾರವೇ?

ದಫೇದಾರ್ರು ಈ ಮಾತಿಗೆ ತಲೆದೂಗಿದರು. ಅವರು ತಲೆದೂಗುವುದು ಅಪರೂಪ. “ಲೆಕ್ಕ ಗೋಡೆ ಮೇಲೆ ಇದ್ರೆ ನಮಗೂ ರೈಡ್ ಮಾಡೋ ತಾಪತ್ರಯ ಇರ್ತಿರಲಿಲ್ಲ. ತೋಪಿನ ಆಟದಲ್ಲಿ ಯಾರೂ ಲೆಕ್ಕ ಬರೆಯೋಲ್ಲ, ನೋಡಿ.”

ಗಿರಣಿಯಾಕೆ ಬೀಜ ಬಿಡಿಸಿ ಮುಗಿಸಿದ್ದರು. ಮೊರ ಎತ್ತಿಕೊಂಡು ಕೊನೆಯ ಷರತ್ತು ಹಾಕಿದರು: ಮುಂದಿನ ಸಲ ಹೋಗುವುದಾದರೆ ಅಕ್ಕನನ್ನೂ ಕರೆದುಕೊಂಡು ಹೋಗಬೇಕು. ಅವಳಿಗೆ ಬಸ್ಸು ಪುಕ್ಕಟೆ, ಲೆಕ್ಕವೂ ಚೆನ್ನಾಗಿ ಬರುತ್ತದೆ.

ಆದ್ದರಿಂದ ಮಕ್ಕಳ ಕೈಗೆ ಎಂಟ್ರಿ ಫೀಸು ಕೊಡುವ ತಂದೆತಾಯಂದಿರಿಗೆ, ತೆಗೆದುಕೊಳ್ಳುವ ಸೆಂಟರಿನವರಿಗೆ ಈ ಬೀದಿಯ ತೀರ್ಮಾನ ಇಷ್ಟು. ಪಂದ್ಯಕ್ಕೆ ಮೊದಲೇ ಬಾಡಿಗೆಗೆ ಎಷ್ಟು, ಬಹುಮಾನಕ್ಕೆ ಎಷ್ಟು ಎಂದು ಬರೆದು ಗೋಡೆಗೆ ಹಾಕಿ. ಬಹುಮಾನವನ್ನು ಊರಿನ ಮೊಬೈಲ್ ಅಂಗಡಿಯವರಿಂದಲೋ ಬೇಕರಿಯವರಿಂದಲೋ ಕೇಳಿ ತನ್ನಿ. ಕ್ರಿಕೆಟ್ಟಿಗೆ ಕೊಡುವವರು ಇದಕ್ಕೂ ಕೊಡುತ್ತಾರೆ, ಭಾವಚಿತ್ರ ಹಾಕಿದರಾಯಿತು. ಒಮ್ಮೆ ಸೋತವನಿಗೆ ಇನ್ನೊಂದು ಆಟ ಕೊಡಿ. ಹದಿನೆಂಟು ತುಂಬದ ಮಕ್ಕಳಿಗೆ ನಗದಿನ ಬದಲು ಕಪ್ಪೋ ಪುಸ್ತಕವೋ ಕೊಡಿ. ಇದಕ್ಕೆಲ್ಲ ಒಪ್ಪುವ ಸೆಂಟರಿಗೆ ನೂರು ರೂಪಾಯಿ ಧಾರಾಳವಾಗಿ ಕೊಡಿ. ಜಮಾ-ಖರ್ಚು ಕೇಳಿದರೆ ಮುಖ ತಿರುಗಿಸುವವನಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.